ಬಿಯರಿನಲ್ಲಿ ಹಾರೈಸಿದವನು

ಎರ್ಮಿಲೆ ಬಿಯರು ಕದ್ದು ಜೈಲಿಗೆ ಹೋಗಿದ್ದವನೆಂದೇ ಬೋಂದೊ ಇಪ್ಪತ್ತಾರು ವಯಸ್ಸಾಗುವವರೆಗೂ ನಂಬಿಕೊಂಡಿದ್ದ. ಹಾಗೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಊರಿನಲ್ಲಿ ಎರ್ಮಿಲೆಯ ಹೆಸರು ಬಂದಾಗಲೆಲ್ಲ ದೊಡ್ಡವರು ದನಿ ತಗ್ಗಿಸಿ, “ಪಾಪ, ಒಂದು ಲೋಟ ಬಿಯರಿಗೆ ಹೋಗ್ಬಿಟ್ಟ,” ಎನ್ನುತ್ತಿದ್ದರು, ಅಷ್ಟೆ. ಉಳಿದದ್ದನ್ನು ಬೋಂದೊ ತಾನೇ ಹೆಣೆದುಕೊಂಡಿದ್ದ: ಒಂದು ಲಾರಿ, ಲಾರಿಯ ತುಂಬ ಪೀಪಾಯಿ, ಹಿಂದೆ ಅಟ್ಟಿಸಿಕೊಂಡು ಬರುವ ಪೊಲೀಸರು. ಇಲ್ಲದ್ದನ್ನು ಹೆಣೆಯುವುದರಲ್ಲಿ ಅವನದು ಎತ್ತಿದ ಕೈ. ಇದ್ದದ್ದನ್ನು ಕಾಣುವುದರಲ್ಲಿ ಮಾತ್ರ ಕಣ್ಣು ಮಂಜು. ಆದ್ದರಿಂದ ಪತ್ರಿಕೆಯ ಕೆಲಸದ ಮೇಲೆ ಎರ್ಮಿಲೆಯನ್ನು ಕಾಣಬೇಕಾಗಿ ಬಂದಾಗ, ಮನುಷ್ಯನ ಬಾಯಿ ಬಿಡಿಸಲು ಅವನಿಗೆ ಇಷ್ಟವಾದದ್ದನ್ನೇ ಒಯ್ಯಬೇಕೆಂದು ಯೋಚಿಸಿ, ನಾಲ್ಕು ಬಾಟಲಿ ಬಿಯರು ಕೊಂಡು, ಬಲೆಯ ಚೀಲದಲ್ಲಿ ನೇತುಹಾಕಿಕೊಂಡು, ಇಡೀ ಬೀದಿಗೆ ಕಾಣುವ ಹಾಗೆ ನಡೆದ.

ಅಂಗಳದಲ್ಲಿ ಎರ್ಮಿಲೆಯ ಅಕ್ಕ ತಸೊ ಅವರೆಕಾಳು ಆರಿಸುತ್ತ ಕೂತಿದ್ದಳು. ಚೀಲ ನೋಡಿ ಅವಳ ಕೈ ನಿಂತಿತು.

“ಏನೋ ಅದು?”

“ಬಿಯರು ಅತ್ತೆ. ಎರ್ಮಿಲೆ ಮಾಮಂಗೆ.”

“ನಿನ್ನನ್ನ ಯಾರಾದ್ರೂ ದುಡ್ಡು ಕೊಟ್ಟು ಕಳಿಸಿದಾರಾ, ಇಲ್ಲಾ ನೀನು ಹುಟ್ಟಿದಾಗಿಂದ್ಲೂ ಹೀಗೇನಾ?”

ಅಷ್ಟರಲ್ಲಿ ನೆಲದೊಳಗಿಂದ ಯಾರೋ ಗಹಗಹಿಸಿ ನಕ್ಕರು. ಅಂಗಳದ ಮೂಲೆಯಲ್ಲಿ ಕುತ್ತಿಗೆಯವರೆಗೂ ಹೂತಿದ್ದ ವೈನಿನ ಗುಡಾಣದ ಬಾಯಿಂದ ಬೋಳು ತಲೆಯೊಂದು ಮೇಲೆದ್ದಿತು. ಹುಬ್ಬು, ಮೀಸೆ ಎಲ್ಲ ಸುಣ್ಣ. ಕೈಯಲ್ಲಿ ಚೆರಿ ತೊಗಟೆಯ ಕುಂಚ.

“ಬಿಡಕ್ಕಾ,” ಎಂದ ಎರ್ಮಿಲೆ. “ಬಿಯರು ತಂದು ನನ್ನ ಮಾತಾಡಿಸೋಕೆ ಬಂದವನು ಇವನೊಬ್ಬನೇ. ಅಲ್ಲಿಡಪ್ಪಾ, ನೆರಳಲ್ಲಿ. ಆಮೇಲೆ ನಿಮ್ಮ ಸಂಪಾದಕರ ಆರೋಗ್ಯಕ್ಕೆ ಕುಡಿಯೋಣ.”

ಆಗ ಬೋಂದೊಗೆ ಹೊಳೆಯಿತು. ಜಾರ್ಜಿಯಾದಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ: ಪ್ರೀತಿಯವರಿಗೆ, ಹೆತ್ತವರಿಗೆ, ಊರಿಗೆ, ಸತ್ತವರಿಗೆ ಲೋಟ ಎತ್ತುವುದು ವೈನಿನಲ್ಲಿ. ಬಿಯರು ಎತ್ತಿ ಹಾರೈಸುವುದು ಹಾಳಾಗಲೆಂದು ಬಯಸುವವರಿಗೆ: ಕಂದಾಯದವನಿಗೆ, ಎದುರು ತಂಡದ ಗೋಲಿಗೆ, ತೀರಾ ಮನಸ್ಸು ಕೆಟ್ಟಾಗ ಹೆಂಡತಿಯ ತಮ್ಮನಿಗೆ. ಕಿವಿ ಬಿಸಿಯಾಗಿ, ಚೀಲವನ್ನು ಅಂಜೂರದ ಗಿಡದ ಹಿಂದೆ ತಳ್ಳಿ ಬಂದ.

ಬೋಂದೊ ಕೆಲಸಕ್ಕಿದ್ದದ್ದು ಜಿಲ್ಲೆಯ ಪತ್ರಿಕೆ ‘ಕೆಂಪು ದ್ರಾಕ್ಷಿ’ಯಲ್ಲಿ. ಅವನು ವರದಿಗಾರನೆಂದು ಅವನ ತಾಯಿ ನೆರೆಹೊರೆಗೆಲ್ಲ ಹೇಳಿಕೊಂಡು ಬಂದಿದ್ದಳು. ಅಲ್ಲಿ ಸೇರಿದಾಗಿನಿಂದ ಅವನು ಬರೆದದ್ದೆಲ್ಲ ಯಾವ ತೋಟದಲ್ಲಿ ಎಷ್ಟು ಟನ್ನು ದ್ರಾಕ್ಷಿ ಕೊಯ್ದರೆಂಬ ಸುದ್ದಿ. ಅದರಲ್ಲೂ ಟನ್ನುಗಳನ್ನು ಸಂಪಾದಕರೇ ಆಮೇಲೆ ತುಂಬಿಕೊಳ್ಳುತ್ತಿದ್ದರು. ಆ ವರ್ಷ, ಅಂದರೆ ಮಹಾನಾಯಕರ ದೇಹವನ್ನು ಮಾಸ್ಕೋದ ಸಮಾಧಿಮಂದಿರದಿಂದ ಹೊರಗೆ ತೆಗೆದು ಗೋಡೆಯ ಬುಡದಲ್ಲಿ ಹೂಳಿದ ಮರುವರ್ಷ, ಸಂಪಾದಕ ಪಿಮೆನ್ ಅವನನ್ನು ಕರೆಸಿ ಬಾಗಿಲು ಹಾಕಿಸಿದರು.

“ಮೇಲಿನಿಂದ ಸುತ್ತೋಲೆ ಬಂದಿದೆ ಕಣಯ್ಯ. ವ್ಯಕ್ತಿಪೂಜೆಯ ಕಾಲದಲ್ಲಿ ನೊಂದ ಒಬ್ಬ ಸಾಮಾನ್ಯ ಮನುಷ್ಯನ ಬದುಕು ಪ್ರತಿ ಪತ್ರಿಕೇಲೂ ಬರಬೇಕಂತೆ. ನಮ್ಮಲ್ಲಿ ಅಂಥವನು ಎರ್ಮಿಲೆ ಒಬ್ಬನೇ.”

“ಒಬ್ಬನೇನಾ ಸಾರ್?”

“ಬಾಯಿ ಬಿಟ್ಟು ಜೈಲಿಗೆ ಹೋದವನು ಒಬ್ಬನೇ. ಬಾಯಿ ಮುಚ್ಚಿಕೊಂಡೂ ಹೋದವರನ್ನ ಬರೆಯೋಕೆ ಹೊರಟರೆ ಕಾಗದ ಸಾಲಲ್ಲ.” ಪಿಮೆನ್ ಕಿಟಕಿಯಾಚೆ ನೋಡಿದರು. ಚೌಕದಲ್ಲಿ ಮಹಾನಾಯಕರ ಕಂಚಿನ ಪ್ರತಿಮೆ ಇನ್ನೂ ನಿಂತೇ ಇತ್ತು. ಅದರ ಬುಡದಲ್ಲಿ ಆ ದಿನದ್ದೇ ಹೂವು. ಮಹಾನಾಯಕರು ಹುಟ್ಟಿದ ಸೀಮೆಯದು. ಊರಿನವರು ಅವರ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ, ‘ನಮ್ಮೋರು’ ಎನ್ನುತ್ತಿದ್ದರು. “ಒಂದು ಎಚ್ಚರಿಕೆ. ವ್ಯಕ್ತಿಪೂಜೆ ಅಂತ ಬರಿ. ವ್ಯಕ್ತಿ ಯಾರು ಅಂತ ಬೇಡ.”

“ಪೂಜೆ ಮಾಡಿದವರು ಯಾರು ಅಂತ?”

“ಅವರು ನಮ್ಮ ಚಂದಾದಾರರಯ್ಯ!”

ಹೀಗೆ ವ್ಯಕ್ತಿಯೂ ಇಲ್ಲದ ಪೂಜೆಯೂ ಇಲ್ಲದ ಲೇಖನವೊಂದನ್ನು ಬರೆಯಲು ಬಂದಿದ್ದ ಬೋಂದೊ, ಗುಡಾಣದ ಬಾಯಿಯ ಬಳಿ ಮಂಡಿಯೂರಿ ಕೂತ. ಎರ್ಮಿಲೆ ಮತ್ತೆ ಒಳಗಿಳಿದಿದ್ದ.

“ಮಾತಾಡ್ತಾ ಇರು ಮಗಾ,” ಎಂದಿತು ಗುಡಾಣ. “ಮೇಲಿರೋನು ಕೇಳ್ತಿರಬೇಕು, ಒಳಗಿರೋನು ಉತ್ತರ ಕೊಡ್ತಿರಬೇಕು. ಉತ್ತರ ನಿಂತ್ರೆ ವೈನಿನ ಗಾಳಿ ತಲೆಗೆ ಹೊಡೆದಿದೆ ಅಂತ ತಿಳ್ಕೊಂಡು ಎಳೆದು ಹಾಕು.”

ಬೋಂದೊ ಬಗ್ಗಿ, ಅತ್ತಿತ್ತ ನೋಡಿ, “ಮಾಮ, ನೀವು ಅವರ ವಿಷಯಕ್ಕೆ ಏನಂದಿದ್ರಿ?” ಎಂದು ಪಿಸುಗುಟ್ಟಿದ.

“ಯಾರ ವಿಷಯಕ್ಕೆ? ನಮ್ಮೋರ ವಿಷಯಕ್ಕಾ?” ಉತ್ತರ ಇಗರ್ಜಿಯ ಗಂಟೆಯ ಹಾಗೆ ಮೇಲೆದ್ದು ಬೀದಿಗೆ ಹರಿಯಿತು. ಬೇಲಿಯಾಚೆಯ ಮನೆಯವನು ರೇಡಿಯೊ ನಿಲ್ಲಿಸಿದ, ಸರಿಯಾಗಿ ಕೇಳಿಸಲೆಂದು.

“ಮೆಲ್ಲಗೆ ಮಾಮ!”

“ನಾನು ಮೆಲ್ಲಗೇ ಹೇಳ್ತಿದೀನಿ. ಗಂಟಲು ಗುಡಾಣದ್ದು.”

ಎರ್ಮಿಲೆ ಹೇಳಿದ್ದು ಇಷ್ಟು. ಯುದ್ಧ ಮುಗಿದು ಐದನೆಯ ವರ್ಷ, ಅವನ ಸೋದರಳಿಯನ ಮದುವೆ. ಮೇಜಿನ ಯಜಮಾನಿಕೆ, ಅಂದರೆ ತಮದನ ಪಟ್ಟ, ಪಟ್ಟಣದಿಂದ ಬಂದ ಪಕ್ಷದ ಮುಖಂಡನೊಬ್ಬನಿಗೆ ಸಿಕ್ಕಿತ್ತು. ತಮದ ಹೇಳಿದ ಕ್ರಮದಲ್ಲಿ ಎಲ್ಲರೂ ಕುಡಿಯಬೇಕು; ಅವನ ಅಪ್ಪಣೆಯಿಲ್ಲದೆ ಯಾರೂ ತಮ್ಮಿಷ್ಟಕ್ಕೆ ಲೋಟ ಎತ್ತುವಂತಿಲ್ಲ. ಆ ಮಹಾಶಯ ಮೊದಲ ಲೋಟವನ್ನು ಮಹಾನಾಯಕರಿಗೆ ಎತ್ತಿದ. ಸರಿ. ಎರಡನೆಯದನ್ನು ಮಹಾನಾಯಕರು ಕೊಟ್ಟ ಶಾಂತಿಗೆ. ಮೂರನೆಯದನ್ನು ಅವರನ್ನು ಹೆತ್ತ ತಾಯಿಗೆ. ಆಮೇಲೆ ಅವರ ಬಾಲ್ಯಕ್ಕೆ, ಅವರ ಪೈಪಿಗೆ, ಅವರು ಒಮ್ಮೆ ಈ ಊರಿನ ಮೇಲೆ ಹಾದುಹೋದ ರೈಲಿಗೆ. ಮದುಮಗಳು ಹಸಿದು ಮೇಜಿನ ಕೆಳಗೆ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಮದುಮಗನ ಅಜ್ಜ, ತನ್ನ ಸರದಿ ಬರುತ್ತದೆಂದು ಕಾದೂ ಕಾದೂ, ಕೂತಲ್ಲೇ ನಿದ್ದೆಹೋದ.

“ನಾನು ಎದ್ದೆ,” ಎಂದ ಎರ್ಮಿಲೆ. “ಸ್ವಾಮಿ ತಮದಾ, ಈ ಮದುವೆ ಯಾರದು? ಹುಡುಗ ಹುಡುಗಿ ಹೆಸರು ಒಂದ್ಸಲನೂ ಬರಲಿಲ್ಲ. ನಮ್ಮ ಸತ್ತವರ ಸರದಿ ಬರಲಿಲ್ಲ. ಒಬ್ಬ ಮನುಷ್ಯ ಅಷ್ಟೊಂದು ಆರೋಗ್ಯ ಇಟ್ಕೊಂಡು ಏನು ಮಾಡ್ತಾನೆ? ಮಿಕ್ಕವರಿಗೂ ಚೂರು ಬಿಡಿ. ನೀವು ಅವರನ್ನ ದೇವರು ಮಾಡ್ತಿದೀರಿ, ಆ ದೇವರು ಇಲ್ಲಿ ಬಂದು ಪಾತ್ರೆ ತೊಳೀತಾರಾ? ಅಂದೆ.”

“ಆಮೇಲೆ?”

“ಆಮೇಲೆ ಅವನು, ಹಾಗಾದ್ರೆ ನೀನು ಮಹಾನಾಯಕರ ಆರೋಗ್ಯಕ್ಕೆ ಕುಡಿಯಲ್ವಾ ಅಂತ ಕೇಳಿದ. ಯಾಕೆ ಕುಡಿಯಲ್ಲ ಅಂದೆ. ವಾದ್ಯದವರ ಮೇಜಿನ ಮೇಲೆ ಒಂದು ಬಾಟಲಿ ಬಿಯರಿತ್ತು. ಬಗ್ಗಿಸ್ಕೊಂಡೆ. ನಿಂತ್ಕೊಂಡೇ ಕುಡಿದೆ, ಮರ್ಯಾದೆಗೆ ಕಡಿಮೆ ಮಾಡಲಿಲ್ಲ.”

ತನಿಖೆಗೆ ಉತ್ತರದ ಕಡೆಯ ಅಧಿಕಾರಿಯೊಬ್ಬ ಬಂದಿದ್ದ. ಅವನಿಗೆ ದೂರು ಎಷ್ಟು ಓದಿದರೂ ಅರ್ಥವಾಗಲಿಲ್ಲ. ಇವನು ಎದ್ದು ನಿಂತು ನಾಯಕರ ಆರೋಗ್ಯ ಹಾರೈಸಿದ್ದಾನೆ, ಇದರಲ್ಲಿ ಅಪರಾಧವೆಲ್ಲಿ? ಊರಿನ ಮೂವರು ಸಾಕ್ಷಿಗಳು ಬೆವರುತ್ತ, ಬಿಯರಿನ ವಿಚಾರ ಬಿಡಿಸಿ ಹೇಳಿದರು. ಅಧಿಕಾರಿ ಬಿಳಿಚಿಕೊಂಡ. ಅವನು ಉತ್ತರದಲ್ಲಿ ಇಡೀ ಜೀವಮಾನ ನಾಯಕರಿಗೆ ಬಿಯರಿನಲ್ಲೇ ಹಾರೈಸಿಕೊಂಡು ಬಂದಿದ್ದ. ಬಿಯರನ್ನೇ ಅಪರಾಧ ಮಾಡಿದರೆ ಅರ್ಧ ದೇಶವನ್ನು ಒಳಗೆ ಹಾಕಬೇಕು, ಮೊದಲು ತನ್ನನ್ನೇ. ಹಾಗಾಗಿ ಬಿಯರನ್ನು ಕೈಬಿಟ್ಟು, ‘ಆ ದೇವರು ಪಾತ್ರೆ ತೊಳೆಯುತ್ತಾರಾ’ ಎಂಬ ಮಾತನ್ನು ಹಿಡಿದುಕೊಂಡ. ಅದಕ್ಕೆ ಹತ್ತು ವರ್ಷ.

“ಹತ್ತು ಕೊಟ್ರು, ಆರು ತಗೊಂಡೆ,” ಎಂದ ಎರ್ಮಿಲೆ ಕುಂಚ ಉಜ್ಜುತ್ತ. “ಅವರು ಸತ್ತರು, ನಾನು ಬಂದೆ.”

ಬಂದ ಕಥೆಯನ್ನು ತಸೊ ಮುಂದುವರಿಸಿದಳು, ಕಾಳಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು. ಎರ್ಮಿಲೆಯನ್ನು ಜೈಲಿನಿಂದ ಬಿಟ್ಟ ವಸಂತದಲ್ಲೇ ಮಾಸ್ಕೋದ ಹೊಸ ನಾಯಕರು ಹಳೆಯ ನಾಯಕರನ್ನು ಬಯ್ದು ಭಾಷಣ ಮಾಡಿದ್ದರು. ಜೇಬಿನಲ್ಲಿ ‘ಅಪರಾಧವೇನೂ ಇಲ್ಲ’ ಎಂಬ ಮುದ್ರೆಯೊತ್ತಿದ ಕಾಗದವಿಟ್ಟುಕೊಂಡು, ಊರು ತನ್ನನ್ನು ಎತ್ತಿ ಮೆರೆಸುತ್ತದೆಂದುಕೊಂಡು ಅವನು ರೈಲಿಳಿದ. ಊರೆಲ್ಲ ಚೌಕದಲ್ಲಿ ಸೇರಿತ್ತು. ಹೂವಿನ ಹಾರಗಳೂ ಇದ್ದವು. ಅಳುವವರೂ ಇದ್ದರು. ಎಲ್ಲ ಪ್ರತಿಮೆಯ ಬುಡದಲ್ಲಿ. ಮಾಸ್ಕೋದವರು ನಮ್ಮೋರಿಗೆ ಅವಮಾನ ಮಾಡಿದರೆಂದು ರಾಜಧಾನಿ ಟಿಬಿಲಿಸಿಯಲ್ಲಿ ಹುಡುಗರು ಬೀದಿಗಿಳಿದು ಗುಂಡು ತಿಂದ ವಾರವದು. ಅಂಥ ಹೊತ್ತಿನಲ್ಲಿ ಎರ್ಮಿಲೆ ಗಂಟು ಹೊತ್ತು ಬಂದು ನಿಂತ.

“ಏನಂದ್ರು ಗೊತ್ತಾ?” ಎಂದಳು ತಸೊ. “ಎಲ್ಲಾ ನೀನೇ ಶುರು ಮಾಡಿದ್ದು ಅಂದ್ರು! ಇವನು ಮದುವೆ ಮನೇಲಿ ಅಂದಿದ್ದನ್ನ ಮಾಸ್ಕೋದವರು ಕಲಿತ್ಕೊಂಡ್ರಂತೆ!”

“ಹೆಮ್ಮೆ ಆಯ್ತು,” ಎಂದಿತು ಗುಡಾಣ.

ಅಂದಿನಿಂದ ಊರು ಅವನ ಪಕ್ಕದಲ್ಲಿ ಲೋಟ ಎತ್ತಲಿಲ್ಲ. ಗುಡಾಣ ತೊಳೆಯಲು ಮಾತ್ರ ಅವನೇ ಬೇಕು. ಅವನಷ್ಟು ಸಣ್ಣ ಹೆಗಲಿನವರು, ಹುಳಿಯ ವಾಸನೆಗೆ ಹೆದರದವರು ಬೇರೆ ಇರಲಿಲ್ಲ. ಗುಡಾಣದೊಳಗೆ ಇಳಿಯಬಹುದು. ಆ ಗುಡಾಣದ ವೈನು ಬರುವ ಮೇಜಿನ ಹತ್ತಿರ ಸುಳಿಯುವ ಹಾಗಿಲ್ಲ. ಮದುವೆ, ನಾಮಕರಣ, ಸಾವಿನ ಊಟ, ಯಾವುದಕ್ಕೂ ಕರೆಯಿಲ್ಲ. ಅವನು ಜೈಲಿನಲ್ಲಿದ್ದಾಗ ಹೆಂಡತಿ ಸೋಪಿಯೊ ತೀರಿಕೊಂಡಿದ್ದಳು. ಮಗಳು ಲಮಾರಳನ್ನು ತಸೊ ಸಾಕಿದಳು. ಶಾಲೆಯಲ್ಲಿ ಅವಳನ್ನು ‘ಬಿಯರಿನ ಮಗಳು’ ಎಂದು ಕರೆಯುತ್ತಿದ್ದರು. ಹಾಗೆ ಕರೆದವರ ಪೈಕಿ ಒಬ್ಬ ಬೋಂದೊ. ಇನ್ನೊಬ್ಬ ಜುಂಬೆರ್, ಗೋದಾಮಿನ ಕಾರ್ಲೊನ ಮಗ. ಅವನಿಗೇ ಈಗ ಆ ಹುಡುಗಿಯ ಮೇಲೆ ಮನಸ್ಸಾಗಿತ್ತು, ಅವಳಿಗೂ ಅವನ ಮೇಲೆ.

ಅವರು ಮಾತಾಡುತ್ತಿರುವಾಗಲೇ ಕಾರ್ಲೊನ ಲಾರಿ ಬಂದು ಬೇಲಿಯ ಮುಂದೆ ನಿಂತಿತು. ಲಾರಿಯ ಗಾಜಿನ ಮೇಲೆ, ಚಾಲಕನಿಗೆ ದಾರಿ ಕಾಣದಷ್ಟು ದೊಡ್ಡದಾಗಿ, ಮಹಾನಾಯಕರ ಮೀಸೆಯ ಪಟ. ಕಾರ್ಲೊ ಒಳಬಂದು, ಕೂರಲೂ ಇಲ್ಲ, ತಸೊ ಕೊಟ್ಟ ವೈನನ್ನು ಮುಟ್ಟಲೂ ಇಲ್ಲ.

“ಎರ್ಮಿಲೆ ಮೇಲೆ ಬರಲಿ, ಬೀಗತನದ ಮಾತು,” ಎಂದ.

“ಅಲ್ಲಿಂದ್ಲೇ ಹೇಳು ಕಾರ್ಲೊ, ಕೇಳಿಸುತ್ತೆ,” ಎಂದ ಎರ್ಮಿಲೆ, ತಲೆ ಮಾತ್ರ ಹೊರಗೆ ಹಾಕಿ. ನಿಂತವನು ತಲೆ ಬಗ್ಗಿಸಿ ಮಾತಾಡಬೇಕಾಯಿತು. ಬೀಗನೆದುರು ತಲೆ ಬಗ್ಗಿಸಲು ಬಂದವನಲ್ಲ ಕಾರ್ಲೊ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

“ಹುಡುಗಿ ಬಂಗಾರ. ನಮ್ಮದೇನೂ ತಕರಾರಿಲ್ಲ. ಆದ್ರೆ ಮದುವೆ ಮೇಜಲ್ಲಿ ಮುನ್ನೂರು ಜನ ಇರ್ತಾರೆ. ನೀನು ಎದ್ದು ನಮ್ಮೋರಿಗೆ ಲೋಟ ಎತ್ತಬೇಕು. ವೈನಲ್ಲಿ. ಕುಡಿಯೋ ಕೊಂಬು ಒಂದು ಪೂರ್ತಿ, ತಳ ಕಾಣೋವರೆಗೆ. ಅಲ್ಲಿಗೆ ಹಳೇದೆಲ್ಲ ತೊಳೆದು ಹೋಯ್ತು.”

“ಆಗಲ್ಲ ಅಂದ್ರೆ?”

“ನೀನಿಲ್ಲದೆ ಮದುವೆ ಆಗುತ್ತೆ. ಮಗಳು ನಮ್ಮನೆಗೆ ಬರ್ತಾಳೆ. ನೀನು ಆ ಬಾಗಿಲು ದಾಟಂಗಿಲ್ಲ, ಮೊಮ್ಮಗು ಹುಟ್ಟಿದ್ರೂ ಸೈತ.”

ತಸೊಗೆ ತಡೆಯಲಾಗಲಿಲ್ಲ. “ಕಾರ್ಲೊ, ನಿನ್ನ ಅಣ್ಣ ವಲಿಕೊನ ಮೂವತ್ತೇಳರಲ್ಲಿ ಮನೆಯಿಂದ ಎತ್ಕೊಂಡು ಹೋಗಿದ್ದು ಯಾರಪ್ಪಾ? ಬಿರುಗಾಳಿನಾ?”

“ಅದು ಕೆಳಗಿನವರು ಮಾಡಿದ್ದು ಅಕ್ಕ. ನಮ್ಮೋರಿಗೆ ಗೊತ್ತೇ ಇರಲಿಲ್ಲ.”

“ಎಲ್ಲಾ ಬಲ್ಲವರು ಅಂತ ಪ್ರತಿಮೆ ಕೆಳಗೆ ಕೆತ್ತಿಸಿದೀರಲ್ಲ!”

ಕಾರ್ಲೊ ತಿರುಗಿ ಲಾರಿಯ ಕಡೆ ನಡೆದ. ಅಣ್ಣನ ಹೆಸರನ್ನು ಅವನ ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಯಾರೂ ಎತ್ತಿರಲಿಲ್ಲ. ದೇಶದ್ರೋಹಿಯೆಂದು ಹೋದವನಿಗೆ ಸತ್ತವರ ಲೋಟವನ್ನೂ ಯಾರೂ ಎತ್ತಿರಲಿಲ್ಲ. ಲಾರಿ ಹೊರಟ ಮೇಲೆ ಲಮಾರ ಹಿತ್ತಲಿಂದ ಬಂದು ಗುಡಾಣದ ಬಾಯಿಯ ಮೇಲೆ ಕಾಲು ಇಳಿಬಿಟ್ಟು ಕೂತಳು.

“ಅಪ್ಪ, ಕುಡಿ ಅಂತ ನಾನು ಹೇಳಲ್ಲ. ಬೇಡ ಅಂತನೂ ಹೇಳಲ್ಲ. ಆದ್ರೆ ನೀನು ಮೇಜಿನ ಹತ್ರ ಇರ್ಬೇಕು. ನನ್ನ ಮದುವೆನ ನೀನು ಇಂಥ ತೂತಲ್ಲಿ ಕೂತ್ಕೊಂಡು ಕೇಳಿಸ್ಕೊಂಡ್ರೆ, ನಾನು ಮದುಮಗಳ ಬಟ್ಟೇಲೇ ಬಂದು ನಿನ್ನ ಮೇಲೆ ಮುಚ್ಚಳ ಹಾಕ್ತೀನಿ.”

ಗುಡಾಣದಿಂದ ತುಸು ಹೊತ್ತು ದನಿಯಿಲ್ಲ. ಬೋಂದೊ ಎಳೆದು ಹಾಕಲು ಓಡಿದ. ಎರ್ಮಿಲೆಗೆ ಏನೂ ಆಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ.

“ಬರ್ತೀನಿ ಅಂತ ಹೇಳಮ್ಮ,” ಎಂದ. “ಕೊಂಬು ದೊಡ್ಡದೇ ಇರಲಿ ಅಂತ ಹೇಳು.”

ಬೋಂದೊಗೆ ಅಂದು ನಿದ್ದೆ ಬರಲಿಲ್ಲ. ಎರ್ಮಿಲೆಯ ಚಿಂತೆಯಿಂದಲ್ಲ, ತನ್ನ ಲೇಖನದ ನಾಯಕ ಮುನ್ನೂರು ಜನರ ಮುಂದೆ ಮಹಾನಾಯಕರಿಗೆ ಹಾರೈಸಿದರೆ ‘ನೊಂದ ಸಾಮಾನ್ಯ’ನಿಗಾಗಿ ತಾನು ಇನ್ನಾರನ್ನು ಹುಡುಕುವುದೆಂಬ ಚಿಂತೆಯಿಂದ. ನಾಚಿಕೆಯಾಗಬೇಕಿತ್ತು. ತಿಂಗಳ ಸಂಬಳದ ಮುಂದೆ ನಾಚಿಕೆ ಎಂದೂ ಮೇಲುಗೈ ಪಡೆದದ್ದಿಲ್ಲ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಮದುವೆಯಾಯಿತು. ಕಾರ್ಲೊನ ಅಂಗಳದಲ್ಲಿ ಚಪ್ಪರ, ಚಪ್ಪರದಡಿ ಮೂರು ಸಾಲು ಮೇಜು, ಮೇಜಿನ ಮೇಲೆ ತಟ್ಟೆಯ ಮೇಲೆ ತಟ್ಟೆ. ತಮದನಾಗಿ ಆರಿಸಿದ್ದು ಸಂಪಾದಕ ಪಿಮೆನ್ ಅವರನ್ನು. ಏನೂ ಹೇಳದೆ ಗಂಟೆಗಟ್ಟಲೆ ಮಾತಾಡುವ ವಿದ್ಯೆಯಲ್ಲಿ ಜಿಲ್ಲೆಯಲ್ಲಿ ಅವರಿಗೆ ಸಾಟಿಯಿರಲಿಲ್ಲ. ಆದರೆ ಅಂದು ಅವರ ಅವಸ್ಥೆ ನೋಡುವಂತಿತ್ತು. ನಮ್ಮೋರಿಗೆ ಹಾರೈಸಿದರೆ ಮಾಸ್ಕೋದ ಸುತ್ತೋಲೆಗೆ ವಿರೋಧ. ಹಾರೈಸದಿದ್ದರೆ ಕಾರ್ಲೊನ ಮುನ್ನೂರು ನೆಂಟರಿಗೆ ವಿರೋಧ. ಶಾಂತಿಗೆ ಎತ್ತಿದರು, ದಂಪತಿಗೆ ಎತ್ತಿದರು, ತಾಯಂದಿರಿಗೆ, ಬಳ್ಳಿಗೆ, ಮಳೆಗೆ ಎತ್ತಿದರು. ಜನ ಮೇಜು ಕುಟ್ಟತೊಡಗಿದಾಗ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, “ಮುಂದಿನ ಮಾತು ಬೀಗರದು,” ಎಂದು ಲೋಟವನ್ನೂ ಗಂಡಾಂತರವನ್ನೂ ಒಟ್ಟಿಗೇ ಎರ್ಮಿಲೆಯ ಕಡೆ ದಾಟಿಸಿದರು.

ಎರ್ಮಿಲೆ ಎದ್ದ. ಬೇರೆಯವರಿಂದ ತಂದ ಕೋಟಿನ ತೋಳು ಮುಂಗೈ ದಾಟಿ ಇಳಿದಿತ್ತು. ಕಾರ್ಲೊ ತಾನೇ ಬಂದು ಕೊಂಬು ತುಂಬಿದ, ಅಂಚಿನವರೆಗೆ. ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಮದುಮಗಳ ಮುಖ ಮುಸುಕಿನಷ್ಟೇ ಬೆಳ್ಳಗಾಗಿತ್ತು.

“ನನಗೆ ಒಂದು ಹಾರೈಕೆ ಹೇಳು ಅಂದ್ರು,” ಎಂದ ಎರ್ಮಿಲೆ. “ವೈನಲ್ಲಿ ಅಂದ್ರು. ಕೊಂಬು ಪೂರ್ತಿ ಅಂದ್ರು. ಎಲ್ಲಾ ಒಪ್ಪಿದೆ. ಯಾರ ಸರದೀಲಿ ಅಂತ ಮಾತ್ರ ಯಾರೂ ಹೇಳಲಿಲ್ಲ.”

ಅವನು ಎಡಗೈಯಲ್ಲಿ ಒಂದು ತುಂಡು ರೊಟ್ಟಿ ತೆಗೆದುಕೊಂಡ. ಕೊಂಬನ್ನು ಓರೆ ಮಾಡಿ ರೊಟ್ಟಿಯ ಮೇಲೆ ವೈನು ಹನಿಸಿದ. ಮೇಜಿನುದ್ದಕ್ಕೂ ಗಂಡಸರು ಕುರ್ಚಿ ಹಿಂದೆ ತಳ್ಳಿ ಎದ್ದರು. ಯಾರೂ ಹೇಳಿಸಿಕೊಂಡು ಎದ್ದದ್ದಲ್ಲ. ರೊಟ್ಟಿಯ ಮೇಲೆ ವೈನು ಬಿದ್ದರೆ ಸತ್ತವರ ಸರದಿ, ಆಗ ಕೂತಿರುವವನು ಮನುಷ್ಯನಲ್ಲ.

“ಸೋಪಿಯೊ ಸತ್ತಿದಾಳೆ, ನನ್ನ ಹೆಂಡತಿ,” ಎಂದ. “ಮಗಳ ಮದುವೆ ನೋಡಲಿಲ್ಲ. ಕಾರ್ಲೊನ ಅಣ್ಣ ವಲಿಕೊ ಸತ್ತಿದಾನೆ. ಎಲ್ಲಿ ಹೂತರೋ ಗೊತ್ತಿಲ್ಲ. ಟಿಬಿಲಿಸಿ ಬೀದೀಲಿ ಬಿದ್ದ ಹುಡುಗರು ಸತ್ತಿದಾರೆ. ನಮ್ಮೋರೂ ಸತ್ತಿದಾರೆ. ಹೌದು ಕಣ್ರೋ, ಸತ್ತೇ ಸತ್ತಿದಾರೆ. ದಿನಾ ಹೂವಿಡ್ತೀರಿ, ಇನ್ನೂ ನಂಬಿಕೆ ಬಂದಿಲ್ವಾ? ಎಲ್ಲರಿಗೂ ಒಂದೇ ಕೊಂಬು. ಮಣ್ಣು ಹಗುರಾಗಿರಲಿ.”

ಕುಡಿದ. ಗಂಟಲು ಏರಿ ಇಳಿಯುವುದನ್ನು ಮುನ್ನೂರು ಜನ ನೋಡಿದರು.

ಈ ಹಾರೈಕೆಗೆ ಆಕ್ಷೇಪಿಸುವವನು ಎಲ್ಲರೆದುರು, ನಮ್ಮೋರು ಸತ್ತಿಲ್ಲ ಎನ್ನಬೇಕು. ಕುಡಿಯದವನು ತನ್ನ ಮನೆಯ ಸತ್ತವರನ್ನೂ ಬಿಟ್ಟಂತೆ. ಪಿಮೆನ್ ಒಂದು ಕ್ಷಣ ತುಟಿ ಅಲುಗಿಸಿ ಮಾಸ್ಕೋವನ್ನೂ ಮುನ್ನೂರು ನೆಂಟರನ್ನೂ ತೂಗಿ ನೋಡಿ, ಎರಡಕ್ಕೂ ಸರಿಹೋಗುವ ಹಾರೈಕೆಯಿದು ಎಂಬುದು ಗೊತ್ತಾಗಿ, ಎಲ್ಲರಿಗಿಂತ ಮೊದಲು ಬರಿದು ಮಾಡಿದರು. ಕಾರ್ಲೊ ಮಾತ್ರ ಲೋಟ ಹಿಡಿದು ನಿಂತೇ ಇದ್ದ. ಅವನ ಕತ್ತು ಕೆಂಪಗಾಗಿತ್ತು. ಈಗ ಬೈಯುತ್ತಾನೆ, ಮದುವೆ ಮುರಿಯುತ್ತಾನೆ ಎಂದೇ ಬೋಂದೊ ಎಣಿಸಿದ. ಕಾರ್ಲೊ ಒಂದು ಚೂರು ರೊಟ್ಟಿ ಮುರಿದ. ಅದರ ಮೇಲೆ ವೈನು ಸುರಿದ. ಅರ್ಧ ಮೇಜಿನ ಬಟ್ಟೆಗೆ ಹೋಯಿತು. “ವಲಿಕೊ,” ಎಂದ, ಅಷ್ಟೆ. ಆಮೇಲೆ ಲೋಟ ಬರಿದು ಮಾಡಿ, ಎರ್ಮಿಲೆಯ ಪಕ್ಕದ ಕುರ್ಚಿಯಿಂದ ತನ್ನ ಭಾವಮೈದುನನನ್ನು ಎಬ್ಬಿಸಿ ಅಲ್ಲಿ ತಾನು ಕೂತ.

“ನಿನ್ನ ಮೇಲೆ ನಂಗೆ ಸಿಟ್ಟು ಹೋಗಿಲ್ಲ,” ಎಂದ.

“ಇಟ್ಕೋ. ಸತ್ಸಿವಿ ಈ ಕಡೆ ಸರಿಸು,” ಎಂದ ಎರ್ಮಿಲೆ. ಕೋಳಿಗೆ ವಾಲ್‌ನಟ್ ಗೊಜ್ಜು ಹಾಕಿದ್ದನ್ನು ಅವನು ಮದುವೆಯ ಮೇಜಿನಲ್ಲಿ ತಿಂದು ಹನ್ನೆರಡು ವರ್ಷವಾಗಿತ್ತು.

ಬೋಂದೊನ ಲೇಖನ ಆ ಚಳಿಗಾಲ ಅಚ್ಚಾಯಿತು. ಪಿಮೆನ್ ವ್ಯಕ್ತಿಯನ್ನು ತೆಗೆದರು, ಪೂಜೆಯನ್ನು ತೆಗೆದರು, ಬಿಯರು, ಜೈಲು, ರೈಲು, ಮದುವೆ ತೆಗೆದರು. ಉಳಿದದ್ದು, ಗುಡಾಣ ತೊಳೆದ ಮೇಲೆ ಸುಣ್ಣ ಹೇಗೆ ಬಳಿಯಬೇಕೆಂಬ ನಾಲ್ಕು ಸಾಲು. ಕೆಳಗೆ ಬೋಂದೊನ ಹೆಸರು. ಅವನ ತಾಯಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು.

ಆದರೆ ಮದುವೆಯ ದಿನ ಅವನಿಗೆ ಇದೆಲ್ಲ ಗೊತ್ತಿರಲಿಲ್ಲ. ಲೇಖನಕ್ಕೊಂದು ಕೊನೆ ಬೇಕಿತ್ತು. ಕುಣಿತ ಶುರುವಾಗಿ, ಲಮಾರ ತಂದೆಯನ್ನು ಎಳೆದುಕೊಂಡು ಹೋಗಿ ಕುಣಿಸಿ, ಅವನು ಏದುಸಿರು ಬಿಡುತ್ತ ಬಂದು ಬೆಂಚಿನ ಮೇಲೆ ಕುಸಿದಾಗ, ಬೋಂದೊ ಸರಿದು ಹತ್ತಿರ ಕೂತ. ಕೇಳಬಾರದೆಂದು ಗೊತ್ತಿತ್ತು. ಕೇಳಿದ.

“ಮಾಮ, ಕೊನೆಗೂ ಅವರ ಹೆಸರಲ್ಲಿ ವೈನು ಕುಡಿದ್ರಲ್ಲ. ಇದನ್ನೇ ಅವತ್ತು ಆ ಮದುವೇಲಿ ಕುಡಿದಿದ್ರೆ ಜೈಲಿಲ್ಲ, ಏನಿಲ್ಲ. ಸೋಪಿಯೊ ಅತ್ತೆ ಸಾಯೋವಾಗ ನೀವು ಪಕ್ಕದಲ್ಲಿರ್ತಿದ್ರಿ. ಅವತ್ತು ಬಿಯರು, ಇವತ್ತು ವೈನು. ಏನು ಬದಲಾಯ್ತು?”

ಎರ್ಮಿಲೆ ಮೀಸೆಗಂಟಿದ ಗೊಜ್ಜನ್ನು ಬೆರಳಿನಿಂದ ಒರೆಸಿ ನೆಕ್ಕಿದ.

“ಅವರು ಸತ್ರು,” ಎಂದ. “ಅವತ್ತೇ ಸತ್ತಿದ್ರೆ ಅವತ್ತೇ ವೈನು ಕೊಡ್ತಿದ್ದೆ.”